ದಂತಕಥೆಯೂ ಕಣ್ಣಿನ ಹಬ್ಬವೂ

ಒಂದು ಕೃತಿಯನ್ನು ಎಲ್ಲರೂ ಒಂದೇ ಬಾಯಿಂದ ಹೊಗಳಿದರೆ ವಿಮರ್ಶಕನಿಗೆ ಕೆಲಸವು ಕಡಿಮೆ. ಎಲ್ಲರೂ ತೆಗಳಿದರೆ ಇನ್ನೂ ಕಡಿಮೆ. ಒಂದೇ ಮನೆಯಲ್ಲಿ ಅಣ್ಣನು ಕೈಮುಗಿದು ಎದ್ದು, ತಮ್ಮನು ಆಕಳಿಸಿ ಎದ್ದು ಬಂದಾಗಲೇ ವಿಚಾರಕ್ಕೆ ಎಡೆ ದೊರೆಯುವದು. ೨೦೨೫ನೆಯ ಇಸ್ವಿ ಅಕ್ಟೋಬರ ೨ರಂದು ತೆರೆಯ ಮೇಲೆ ಬಂದ ‘ಕಾಂತಾರ: ಒಂದು ದಂತಕಥೆ, ಅಧ್ಯಾಯ ೧’ ಎಂಬ ಚಿತ್ರಪಟದ ವಿಷಯದಲ್ಲಿ ನಮ್ಮ ಭಾಗದಲ್ಲಿ ಆದದ್ದು ಹೀಗೆಯೇ. ಲಚ್ಯಾಣದ ನಿಲ್ದಾಣದಿಂದ ರೇಲ್ವೆಯ ಹಳಿಯು ಒಂದು ಕಡೆಗೆ ವಿಜಯಪುರಕ್ಕೂ ಇನ್ನೊಂದು ಕಡೆಗೆ ಸೊಲ್ಲಾಪುರಕ್ಕೂ ಹೋಗುವದಷ್ಟೆ. ಎರಡೂ ಊರುಗಳ ಚಿತ್ರಮಂದಿರಗಳಲ್ಲಿ ಈ ಪಟವನ್ನು ನೋಡಿ ಬಂದವರ ಮಾತುಗಳನ್ನೂ, ಆ ತಿಂಗಳ ಕೊನೆಗೆ ಅದು ಮನೆಯ ಪರದೆಗೆ ಬಂದ ಮೇಲೆ ಮಕ್ಕಳೊಡನೆ ಕುಳಿತು ನೋಡಿದ ಹಿರಿಯರ ಮಾತುಗಳನ್ನೂ ಕೇಳಿದರೆ, ಇವರೆಲ್ಲರೂ ನೋಡಿದ್ದು ಒಂದೇ ಪಟವೋ ಎಂಬ ಸಂಶಯವು ಹುಟ್ಟುವದು. ಈ ಅಭಿಪ್ರಾಯಭೇದದ ಮೂಲವೆಲ್ಲಿದೆಯೆಂಬುದನ್ನು ಹುಡುಕುವದೇ ಈ ಲೇಖನದ ಉದ್ದೇಶವು.

ಮೊದಲು ಹೊಗಳುವವರ ಪಕ್ಷವನ್ನು ಕೇಳೋಣ. ಕನ್ನಡದಲ್ಲಿ ಇಷ್ಟು ವೈಭವದ ಪಟವು ಹಿಂದೆ ಬಂದಿರಲಿಲ್ಲವೆಂಬುದು ಅವರ ಮೊದಲನೆಯ ಮಾತು. ಅರವಿಂದ ಕಶ್ಯಪರ ಕ್ಯಾಮೆರಾದಲ್ಲಿ ಕಾಡು ಬರಿಯ ಹಿನ್ನೆಲೆಯಾಗಿ ನಿಲ್ಲದೆ ಉಸಿರಾಡುವ ಪ್ರಾಣಿಯಂತೆ ಕಾಣುವದು. ಬೆಂಕಿ, ಮಂಜು, ಮಳೆಗಳೆಲ್ಲವೂ ಪಾತ್ರಗಳಾಗುವವು. ಅಜನೀಶ ಲೋಕನಾಥರ ಸಂಗೀತವು ಎದೆಯ ಮೇಲೆ ನಗಾರಿಯನ್ನಿಟ್ಟು ಬಾರಿಸಿದಂತಿದೆ. ಕಥೆಯನ್ನು ಬರೆದು, ದಿಗ್ದರ್ಶನವನ್ನೂ ಮಾಡಿ, ಬೆರ್ಮೆಯೆಂಬ ನಾಯಕನ ಪಾತ್ರವನ್ನೂ ವಹಿಸಿದ ರಿಷಬ ಶೆಟ್ಟಿಯವರು ಕೊನೆಯ ಆವೇಶದ ಭಾಗದಲ್ಲಿ ತಮ್ಮ ಶರೀರವನ್ನು ಪೂರ್ಣವಾಗಿ ಒಪ್ಪಿಸಿಬಿಟ್ಟಿದ್ದಾರೆ. ಕನ್ನಡ ಪಟವೊಂದು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡಿ ದೇಶ ವಿದೇಶಗಳಲ್ಲಿ ನೂರಾರು ಕೋಟಿ ರೂಪಾಯಿ ಗಳಿಸಿದ ಮೇಲೆ, ಕೊಂಕು ತೆಗೆಯುವದು ಹೊಟ್ಟೆಕಿಚ್ಚಿನ ಲಕ್ಷಣವೆಂದು ಈ ಪಕ್ಷದ ಕೆಲವರು ಹೇಳುವರು.

ಇನ್ನು ತೆಗಳುವವರು. ೨೦೨೨ರ ಸಪ್ಟೆಂಬರದಲ್ಲಿ ಬಂದ ಮೊದಲನೆಯ ‘ಕಾಂತಾರ’ವು ಚಿಕ್ಕದಾಗಿದ್ದರೂ ಮಣ್ಣಿನ ವಾಸನೆಯುಳ್ಳದ್ದಾಗಿತ್ತು; ಇದು ದೊಡ್ಡದಾಗಿ ಮಣ್ಣನ್ನು ಬಿಟ್ಟಿತು ಎಂಬುದು ಅವರ ಆಕ್ಷೇಪಣೆ. ಎರಡು ಮುಕ್ಕಾಲು ತಾಸು ಮೀರಿದ ಪಟದಲ್ಲಿ ಮೊದಲಿನ ಅರ್ಧವು ಎಲ್ಲಿಗೆ ಹೊರಟಿದೆಯೆಂಬುದೇ ತಿಳಿಯುವದಿಲ್ಲ, ಹಾಸ್ಯವು ಹಾಸ್ಯವಾಗಿಲ್ಲ, ಗಣಕಯಂತ್ರದಲ್ಲಿ ಹುಟ್ಟಿದ ಹುಲಿಯು ಹೆದರಿಸುವದಿಲ್ಲ, ಯುದ್ಧದ ಮೇಲೆ ಯುದ್ಧವು ಬಂದು ಕಣ್ಣು ದಣಿಯುವದೇ ಹೊರತು ಮನಸ್ಸು ತಣಿಯುವದಿಲ್ಲ. ಹಬ್ಬದ ಊಟದಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿ, ಅನ್ನವನ್ನು ಮರೆತರೆ ಹೇಗೋ ಹಾಗೆ ಎಂದು ಇವರು ಹೇಳುವರು.

ಈ ಭೇದವನ್ನು ವಿವರಿಸಲು ಸುಲಭವಾದ ಒಂದು ಸೂತ್ರವುಂಟು: ಹೊಗಳಿದವರು ಪಾಮರರು, ತೆಗಳಿದವರು ಪಂಡಿತರು. ಆದರೆ ಈ ಸೂತ್ರವು ಪರೀಕ್ಷೆಗೆ ನಿಲ್ಲುವದಿಲ್ಲ. ಓದುಬರಹ ಬಲ್ಲ ಎಷ್ಟೋ ಮಂದಿ ಈ ಪಟಕ್ಕೆ ಮನಸೋತಿದ್ದಾರೆ. ಶಾಲೆಯ ಮೆಟ್ಟಿಲನ್ನೇರದ, ಆದರೆ ನೂರು ಕಥೆಗಳನ್ನು ಬಾಯಲ್ಲಿಟ್ಟುಕೊಂಡ ಅಜ್ಜಿಯರು ‘ಇದರಲ್ಲಿ ಕಥೆ ಎಲ್ಲೈತೆವ್ವಾ?’ ಎಂದು ಕೇಳಿದ್ದಾರೆ. ಅಲ್ಲದೆ ವೈಭವವನ್ನು ಕಂಡು ಬೆರಗಾಗುವದು ಹೊಸ ರೋಗವೇನೂ ಅಲ್ಲ. ೧೯೩೪ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದಾಗ ಜನರು ಕಿಕ್ಕಿರಿದು ನೋಡಿದರು. ರಂಗವು ಇರುವದು ಆನೆಗೋ ಮಾತಿಗೋ ಎಂಬ ಪ್ರಶ್ನೆಯು ಕಂಪನಿ ನಾಟಕಗಳ ಕಾಲದಿಂದ ನಮ್ಮ ಬೆನ್ನಿಗಿದೆ. ಆನೆಯು ಬಂದದ್ದರಿಂದ ನಾಟಕವು ಕೆಡಲಿಲ್ಲ. ಆನೆ ಬರುವ ಹೊತ್ತಿಗೆ ನೋಟಕನ ಮನಸ್ಸಿನಲ್ಲಿ ಯುದ್ಧದ ಭಾರವು ಆಗಲೇ ಕುಳಿತಿದ್ದರೆ ಆನೆಯು ಆ ಭಾರವನ್ನು ಹೊತ್ತಿತು. ಕುಳಿತಿರದಿದ್ದರೆ ಆನೆಯು ಬರಿಯ ಆನೆಯಾಯಿತು.

ಹಾಗಾದರೆ ಅಳತೆಗೋಲು ಯಾವದು? ಪಟವು ತನ್ನ ಹೆಸರಿನಲ್ಲಿಯೇ ಅದನ್ನು ನಮ್ಮ ಕೈಗೆ ಕೊಟ್ಟಿದೆ. ತನ್ನನ್ನು ‘ಒಂದು ದಂತಕಥೆ’ ಎಂದು ಅದು ಕರೆದುಕೊಂಡಿರುವದರಿಂದ ದಂತಕಥೆಯ ಧರ್ಮದಿಂದಲೇ ಅದನ್ನು ಅಳೆಯುವದು ನ್ಯಾಯವು. ನಮ್ಮ ಮನೆಗಳಲ್ಲಿ ಹೇಳುತ್ತ ಬಂದ ಅದ್ಭುತ ಕಥೆಗಳನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವವಿರುವದು. ಆರು ಕೋಣೆಗಳನ್ನು ತೆರೆಯಬಹುದು, ಏಳನೆಯದನ್ನು ತೆರೆಯಬಾರದು. ಹಿಂದಿರುಗಿ ನೋಡಿದವನು ಕಲ್ಲಾಗುವನು. ಇಲ್ಲಿ ಏನು ಬೇಕಾದರೂ ಆಗಬಹುದೆಂದು ಮೇಲುನೋಟಕ್ಕೆ ತೋರುವದು. ನಿಜವಾಗಿ ಈ ಕಥೆಗಳಷ್ಟು ಕಟ್ಟುನಿಟ್ಟಾದವು ಬೇರೆ ಇಲ್ಲ. ಪ್ರತಿಯೊಂದು ಅದ್ಭುತಕ್ಕೂ ಒಂದು ಕಟ್ಟಳೆಯಿದೆ. ಕಟ್ಟಳೆಯನ್ನು ಮೀರಿದವನು ಬೆಲೆ ತೆರುವನು. ಕೇಳುವ ಮಗುವು ಕಣ್ಣರಳಿಸುವದು ಗಿಳಿಯ ಬಣ್ಣಕ್ಕಲ್ಲ, ಗಿಳಿಯ ಕೊರಳಿಗೆ ಕೈ ಬಿದ್ದೊಡನೆ ದೂರದಲ್ಲಿ ರಾಕ್ಷಸನು ಒದ್ದಾಡುವನೆಂಬ ನಂಬುಗೆಗೆ.

ಚಿತ್ರಪಟದಲ್ಲಿಯೂ ಇದೇ ಧರ್ಮವು ನಡೆದುಬಂದಿದೆ. ೧೯೫೭ರಲ್ಲಿ ಕೆ. ವಿ. ರೆಡ್ಡಿಯವರು ಎತ್ತಿದ ‘ಮಾಯಾಬಜಾರ’ದಲ್ಲಿ ಮಾರ್ಕಸ್ ಬಾರ್ಟ್ಲೆಯವರ ಕ್ಯಾಮೆರಾ ತೋರಿಸಿದ ಚಮತ್ಕಾರಗಳಿಗೆ ಇಂದಿನ ಗಣಕಯಂತ್ರದ ನೆರವು ಎಳ್ಳಷ್ಟೂ ಇರಲಿಲ್ಲ. ಆದರೂ ಮದುವೆಯ ಅಡಿಗೆಯನ್ನು ಘಟೋತ್ಕಚನು ಬರಿದುಮಾಡುವದನ್ನು ಇಂದಿಗೂ ಮಕ್ಕಳು ನೋಡಿ ನಗುವರು. ಏಕೆಂದರೆ ಅಲ್ಲಿಯ ಮಾಯೆಗೆ ಒಂದು ಕೆಲಸವಿದೆ, ಒಬ್ಬ ಹುಡುಗಿಯ ಮದುವೆಯನ್ನು ಸರಿಯಾದ ಮನೆಗೆ ತಿರುಗಿಸುವ ಕೆಲಸ. ೧೯೯೭ರಲ್ಲಿ ನಾಗಾಭರಣರು ‘ನಾಗಮಂಡಲ’ವನ್ನು ತೆರೆಗೆ ತಂದರು. ಗಿರೀಶ ಕಾರ್ನಾಡರು ಏ. ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಯಿಂದ ಹುಟ್ಟಿದ ನಾಟಕವದು. ಗಂಡನಿಗೆ ಕುಡಿಸಬೇಕಾದ ಬೇರಿನ ಮದ್ದು ಹುತ್ತದಲ್ಲಿ ಬಿದ್ದಿತು. ಹುತ್ತದ ಹಾವು ಗಂಡನ ರೂಪದಿಂದ ರಾತ್ರಿ ಬಂದಿತು. ಸೇನೆಯಿಲ್ಲ, ಕೋಟೆಯಿಲ್ಲ, ಒಂದು ಮನೆ, ಒಂದು ಹುತ್ತ. ಆದರೂ ನೋಡುವವನ ಮೈ ಜುಮ್ಮೆನ್ನುವದು.

ಈ ಗೋಲಿನಿಂದ ಮೊದಲನೆಯ ‘ಕಾಂತಾರ’ವನ್ನು ಅಳೆದರೆ ಅದರ ಬಲವು ಎಲ್ಲಿತ್ತೆಂಬುದು ಗೊತ್ತಾಗುವದು. ೧೮೪೭ರಲ್ಲಿ ನೆಮ್ಮದಿಯನ್ನು ಅರಸಿ ಹೊರಟ ಒಬ್ಬ ದೊರೆಯು ಕಾಡಿನವರಿಗೆ ಭೂಮಿಯನ್ನು ಕೊಟ್ಟು ದೈವದ ಕಲ್ಲನ್ನು ಪಡೆದನು. ಕೊಟ್ಟ ಭೂಮಿಯನ್ನು ಮರಳಿ ಕೇಳಕೂಡದು, ಇದು ಕಟ್ಟಳೆ. ಅವನ ವಂಶದವನೊಬ್ಬನು ಅದನ್ನು ಕೇಳಿ ಕೋರ್ಟಿನ ಮೆಟ್ಟಿಲನ್ನೇರಿದನು, ಮೆಟ್ಟಿಲ ಮೇಲೆಯೇ ರಕ್ತ ಕಾರಿ ಸತ್ತನು, ಇದು ಬೆಲೆ. ಕೆಲವೇ ನಿಮಿಷಗಳಲ್ಲಿ ಮುಗಿದ ಈ ಭಾಗದ ನೆರಳು ಇಡೀ ಪಟದ ಮೇಲೆ ಬಿದ್ದಿತ್ತು. ಭೂಮಿಯ ದಾನಪತ್ರ, ವಾಟಣಿ, ಕೋರ್ಟು ಕಚೇರಿಗಳನ್ನು ಬಲ್ಲ ನಮ್ಮ ಬಯಲು ಸೀಮೆಯ ರೈತನಿಗೂ ಕರಾವಳಿಯ ಆ ಕಥೆಯು ತನ್ನದೆನಿಸಿದ್ದು ಅದಕ್ಕಾಗಿಯೇ.

ಹೊಸ ಪಟವು ಆ ಕಥೆಯ ಹಿಂದಿನ ಕಥೆಯನ್ನು ಹೇಳಹೊರಟಿದೆ. ಇಲ್ಲಿಯೂ ಆರಂಭವು ಗಟ್ಟಿಯಾಗಿದೆ. ಕಾಡಿಗೂ ನಾಡಿಗೂ ನಡುವೆ ಒಂದು ಗಡಿ. ಲೋಭದಿಂದ ಅದನ್ನು ದಾಟಿದ ಅರಸನಿಗೆ ಮರಣ. ಗಡಿಯೆಂಬ ಈ ಕಟ್ಟಳೆ ಇರುವವರೆಗೆ ಕಾಡಿನ ಪ್ರತಿಯೊಂದು ಮರವೂ ನಮಗೆ ಭಯವನ್ನುಂಟುಮಾಡುವದು. ಅನಂತರ ಕಾಡಿನ ಬೆರ್ಮೆಯೇ ಗಡಿಯನ್ನು ದಾಟಿ ಬಾಂಗ್ರಾದ ಪೇಟೆಗೆ, ಬಂದರಕ್ಕೆ ಬರುವನು. ಕಾಡಿನವನಿಗೆ ನಾಡು ಅದ್ಭುತವಾಗಿ ತೋರುವ ಈ ತಿರುವು ಚೆಲುವಾದ ಕಲ್ಪನೆ. ಆದರೆ ಅವನು ದಾಟಿದ್ದಕ್ಕೆ ಬೆಲೆ ಏನು? ಪಟವು ಅದನ್ನು ಬಹಳ ಹೊತ್ತು ಮರೆತು, ಪೇಟೆಯನ್ನೂ ಅರಮನೆಯನ್ನೂ ರಾಜಕುಮಾರಿ ಕನಕವತಿಯನ್ನೂ ತೋರಿಸುತ್ತ ನಿಲ್ಲುವದು. ಮೊದಲಿನ ಅರ್ಧವು ಎಳೆದಂತಾಯಿತೆಂಬ ದೂರು ಹುಟ್ಟಿದ್ದು ಇಲ್ಲಿ. ಅದು ಉದ್ದದ ದೋಷವಲ್ಲ. ಕಟ್ಟಳೆ ಸಡಿಲಿದ ದೋಷ.

ತೇರಿನ ಪ್ರಸಂಗವನ್ನು ಮಾತ್ರ ಎರಡೂ ಪಕ್ಷದವರು ಮೆಚ್ಚಿದ್ದಾರೆ. ಪೇಟೆಯ ನಡುವೆ ಹತೋಟಿ ತಪ್ಪಿ ಓಡುವ ತೇರನ್ನು ನೋಡುವಾಗ, ಸಿದ್ಧಲಿಂಗ ಮಹಾರಾಜರ ಜಾತ್ರೆಯಲ್ಲಿ ಹಗ್ಗಕ್ಕೆ ಕೈ ಹಚ್ಚಿದ ಲಚ್ಯಾಣದವನಿಗೆ ಯಾರೂ ವಿವರಿಸಬೇಕಾಗಿಲ್ಲ. ತೇರಿನ ಭಾರವೆಂದರೇನು, ಗಾಲಿಗೆ ಸನ್ನೆ ಕೊಡುವವನ ಎದೆಗಾರಿಕೆ ಎಂಥದು ಎಂಬುದನ್ನು ಅವನ ಅಂಗೈಯೇ ಬಲ್ಲದು. ಹುಲಿಯು ಹೆದರಿಸಲಿಲ್ಲ, ತೇರು ಹೆದರಿಸಿತು. ಎರಡಕ್ಕೂ ಹಣವು ಖರ್ಚಾಗಿದೆ. ಆದರೆ ಒಂದಕ್ಕೆ ತೂಕವಿದೆ, ಇನ್ನೊಂದಕ್ಕೆ ಬಣ್ಣ ಮಾತ್ರವಿದೆ. ಅದ್ಭುತವು ನಂಬುಗೆಯಾಗಬೇಕಾದರೆ ಅದಕ್ಕೆ ಭೂಮಿಯ ಮೇಲಿನ ಯಾವದೋ ಒಂದು ಅನುಭವದ ಹೆಗಲು ಬೇಕು.

ಕನಕವತಿಯ ದ್ರೋಹವು ಇನ್ನೊಂದು ವಾದಕ್ಕೆ ಎಡೆಮಾಡಿದೆ. ಅದ್ಭುತ ಕಥೆಗಳಲ್ಲಿ ರಾಜಕುಮಾರಿಯು ನಾಯಕನಿಗೆ ಕೊನೆಯಲ್ಲಿ ಸಿಗುವ ಬಹುಮಾನ. ಇಲ್ಲಿ ಅವಳೇ ಬಲೆ. ದೈವಶಕ್ತಿಯನ್ನು ಕಟ್ಟಿ ಅರಮನೆಯ ಕೈವಶಮಾಡುವ ಹೂಟದಲ್ಲಿ ಅವಳೂ ಪಾಲುಗಾತಿ. ರುಕ್ಮಿಣಿ ವಸಂತರ ಅಭಿನಯವನ್ನು ಮೆಚ್ಚಿಯೂ ಈ ತಿರುವು ಹಠಾತ್ತಾಯಿತೆಂದು ಕೆಲವರು ಹೇಳುವರು. ನಮಗಾದರೋ ತಿರುವು ಸರಿಯೆಂದೇ ತೋರುವದು. ಸ್ನೇಹದ ಕೈ ಚಾಚಿ ಕಾಡನ್ನು ಕೊಳ್ಳುವದು ಅರಮನೆಗಳ ಹಳೆಯ ಚಾಳಿ. ಆದರೆ ಆ ಸ್ನೇಹವು ನೋಟಕನ ಮನಸ್ಸಿನಲ್ಲಿ ಬೇರೂರಿದ್ದರೆ ಮಾತ್ರ ದ್ರೋಹವು ನೋಯಿಸುವದು. ಹಾಡು ಕುಣಿತಗಳಲ್ಲಿ ಕಳೆದ ಹೊತ್ತಿನಲ್ಲಿ ಕಾಲುಭಾಗವನ್ನು ಅವರಿಬ್ಬರ ಮಾತಿಗೆ ಕೊಟ್ಟಿದ್ದರೆ ಆ ನೋವು ದೊರೆಯುತ್ತಿತ್ತು.

ಪಟವು ಕದಂಬರ ಕಾಲವನ್ನು ಹೆಸರಿಸಿದ್ದೂ ಅನಗತ್ಯ ತೊಡಕು. ‘ಒಂದಾನೊಂದು ಕಾಲದಲ್ಲಿ’ ಎಂದ ಕಥೆಗಾರನನ್ನು ಯಾವ ಇತಿಹಾಸಕಾರನೂ ತಡೆಯುವದಿಲ್ಲ. ಕದಂಬರೆಂದೊಡನೆ ನಾಲ್ಕನೆಯ ಶತಮಾನದ ಲೆಕ್ಕವು ಬರುವದು. ಬಾಂಗ್ರಾ ಎಂದೊಡನೆ ಎಷ್ಟೋ ಶತಮಾನಗಳ ತರುವಾಯ ತುಳುನಾಡಿನಲ್ಲಿ ಆಳಿದ ಬಂಗರಸರ ನೆನಪು ಬರುವದು. ದಂತಕಥೆಯು ತನಗಿದ್ದ ಸ್ವಾತಂತ್ರ್ಯವನ್ನು ತಾನೇ ಬಿಟ್ಟುಕೊಟ್ಟು, ತಾನು ಗೆಲ್ಲಲಾರದ ಕಣಕ್ಕೆ ಇಳಿದಂತಾಯಿತು.

ಎಲ್ಲಕ್ಕೂ ಮಿಗಿಲಾದ ಭೇದವು ಬೇರೆಯೇ ಇದೆ. ಗುಳಿಗ, ಚಾವುಂಡಿ ಮೊದಲಾದ ದೈವಗಳು ಕರಾವಳಿಯ ಜನರಿಗೆ ಕಥೆಯ ಪಾತ್ರಗಳಲ್ಲ. ವರ್ಷವರ್ಷ ಕೋಲ ಕೊಟ್ಟು, ನ್ಯಾಯ ಕೇಳಿ, ತಲೆಬಾಗುವ ಜೀವಂತ ಶಕ್ತಿಗಳು. ಪಟವನ್ನು ನೋಡಿದ ಕೆಲವರು ಚಿತ್ರಮಂದಿರಗಳಲ್ಲಿ ದೈವದ ವೇಷವನ್ನು ಹಾಕಿ ಆವೇಶವನ್ನು ಅನುಕರಿಸಿದರು. ಹಾಗೆ ಮಾಡಬಾರದೆಂದು ಪಟದ ನಿರ್ಮಾಪಕರೇ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ದೈವಾರಾಧಕರಲ್ಲಿ ಹಲವರು, ತಮ್ಮ ಅಂಗಳದ ಪೂಜೆಯು ಪೇಟೆಯ ನೋಟವಾಯಿತೆಂದು ನೊಂದುಕೊಂಡರು. ಇನ್ನು ಕೆಲವರು ತಮ್ಮ ಆರಾಧನೆಯ ಹೆಸರು ಲೋಕಕ್ಕೆ ತಿಳಿಯಿತೆಂದು ಸಂತೋಷಪಟ್ಟರು. ಈ ವಾದದಲ್ಲಿ ದೂರದ ಭೀಮಾತೀರದವರಾದ ನಾವು ತೀರ್ಪುಗಾರರಾಗುವದು ಸಲ್ಲದು. ಆದರೆ ವಿಮರ್ಶೆಯ ಪಾಲಿಗೆ ಬರುವ ಒಂದು ಮಾತನ್ನು ಹೇಳಬಹುದು. ಕಥೆಯು ಕೇಳುವವನಿಂದ ನಂಬುಗೆಯನ್ನು ಸ್ವಲ್ಪ ಹೊತ್ತಿಗಾಗಿ ಕಡ ತೆಗೆದುಕೊಂಡು, ಮುಗಿದ ಮೇಲೆ ಮರಳಿ ಕೊಡುವದು. ಆರಾಧನೆಯು ಅದನ್ನು ಕಾಣಿಕೆಯಾಗಿ ಪಡೆಯುವದು. ದಂತಕಥೆಯೆಂಬ ಸಲಿಗೆಯನ್ನೂ ಗುಡಿಯ ಕೈಮುಗಿತವನ್ನೂ ಒಂದೇ ಚೀಟಿಗೆ ಮಾರಿದಲ್ಲಿ ಗೊಂದಲವು ತಪ್ಪಿದ್ದಲ್ಲ. ಹೊಗಳಿದವರಲ್ಲಿ ಎಷ್ಟು ಜನರು ಪಟಕ್ಕೆ ಕೈಮುಗಿದರು, ಎಷ್ಟು ಜನರು ದೈವಕ್ಕೆ ಕೈಮುಗಿದರು ಎಂಬುದನ್ನು ಬಿಡಿಸಿ ಹೇಳುವದು ಕಷ್ಟ. ದೋಷವನ್ನು ತೋರಿಸಿದವನಿಗೆ ಭಕ್ತಿಯಿಲ್ಲದವನೆಂಬ ಹೆಸರು ಬರುವದೂ ಈ ಕಾರಣದಿಂದಲೇ.

ಈ ವಿಚಾರವೆಲ್ಲ ನಮಗೇತಕ್ಕೆಂದು ಕೇಳುವವರಿದ್ದಾರೆ. ಹಿಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಅವರ ಗೆಳೆಯರೂ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೂಡಿಸಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಹೊರತಂದರು. ಅವರು ಬೀಸುವ ಕಲ್ಲಿನ ಹಾಡಿಗೆ ಒಡವೆಯನ್ನು ತೊಡಿಸಲಿಲ್ಲ. ಹಾಡಿದವಳ ಮಾತು ಹೇಗಿತ್ತೋ ಹಾಗೆಯೇ ಬರೆದುಕೊಂಡರು. ಕರಾವಳಿಯ ಕಥೆಗೆ ಇಂದು ಬಂದ ಭಾಗ್ಯವು ನಾಳೆ ನಮ್ಮ ಡೊಡ್ಡಾಟದ, ಲಾವಣಿಯ, ಅಜ್ಜಿಕಥೆಯ ಬಾಗಿಲಿಗೂ ಬರಬಹುದು. ಕೋಟಿಗಳ ಚೀಲವನ್ನು ಹಿಡಿದು ಯಾರೋ ಬಂದು ನಮ್ಮ ಕಥೆಯನ್ನು ಕೇಳಬಹುದು. ಆಗ ನಾವು ಏನನ್ನು ಕೊಡಬೇಕು, ಏನನ್ನು ಉಳಿಸಿಕೊಳ್ಳಬೇಕು, ತೆರೆಯ ಮೇಲೆ ಬಂದದ್ದು ನಮ್ಮದೇ ಹೌದೋ ಅಲ್ಲವೋ ಎಂಬುದನ್ನು ತೂಗಲು ನಮ್ಮ ಕೈಯಲ್ಲಿ ತಕ್ಕಡಿಯಿರಬೇಡವೆ?

ಆದುದರಿಂದ ನಮ್ಮ ತೀರ್ಮಾನವಿಷ್ಟು. ‘ಅಧ್ಯಾಯ ೧’ ಕನ್ನಡಿಗರ ಕಸಬುದಾರಿಕೆಯು ಎಲ್ಲಿಯವರೆಗೆ ಮುಟ್ಟಬಲ್ಲದೆಂಬುದನ್ನು ತೋರಿಸಿದ ಪಟ. ಗಡಿಯ ಕಲ್ಪನೆಯಲ್ಲಿ, ತೇರಿನ ಓಟದಲ್ಲಿ, ಕೊನೆಯ ಸ್ತ್ರೀದೈವದ ಆವೇಶದಲ್ಲಿ ಅದು ದಂತಕಥೆಯ ಹೆಸರಿಗೆ ತಕ್ಕದ್ದಾಗಿದೆ. ಉಳಿದೆಡೆಯಲ್ಲಿ ಅದು ತನ್ನ ಕಟ್ಟಳೆಯನ್ನು ಮರೆತು ಕಣ್ಣಿಗೆ ಹಬ್ಬ ಮಾಡಿದೆ. ಮೆಚ್ಚಿದವರು ಮೊದಲಿನದನ್ನು ನೆನೆದು ಮಾತಾಡುತ್ತಿದ್ದಾರೆ, ಮೆಚ್ಚದವರು ಎರಡನೆಯದನ್ನು. ಇಬ್ಬರೂ ಕಂಡದ್ದು ನಿಜವೇ. ಇನ್ನು ಮುಂದಿನ ಅಧ್ಯಾಯವು ಬರುವದಾದರೆ, ಅದರ ಕರ್ತೃಗಳು ಖರ್ಚನ್ನು ಹೆಚ್ಚಿಸುವ ಮೊದಲು ಕಥೆ ಬಲ್ಲ ಒಬ್ಬ ಮುದುಕಿಯ ಮುಂದೆ ಕುಳಿತು ತಮ್ಮ ಕಥೆಯನ್ನು ಬಾಯಿಮಾತಿನಲ್ಲಿ ಹೇಳಿ ನೋಡಲಿ. ದೀಪವಾರಿಸಿದ ಕತ್ತಲೆಯಲ್ಲಿಯೂ ಅವಳು ‘ಹೂಂ, ಮುಂದೆ?’ ಎಂದರೆ ಆ ಕಥೆಗೆ ಎಷ್ಟು ವೈಭವವನ್ನಾದರೂ ತೊಡಿಸಬಹುದು.