ಸುಬಾಬುಲ್ ಮೇವು: ಹೇತುವಿಮರ್ಶೆ

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ಹುಲ್ಲುಗಾವಲಿನ ನಡುವೆ ಸುಬಾಬುಲ್ ಮರಗಳನ್ನು ಸಾಲಾಗಿ ಬೆಳೆಸಿ ದನಗಳನ್ನು ಮೇಯಿಸುವ ಪದ್ಧತಿಯುಂಟು. ಹುಲ್ಲು ಹೊಟ್ಟೆಯನ್ನು ತುಂಬಿಸುವುದು; ಮರದೆಲೆಯು ಬೆಳವಣಿಗೆಗೆ ಬೇಕಾದ ಸಸಾರಜನಕವನ್ನೊದಗಿಸುವುದು. ಆದರೆ ಎಲೆಯನ್ನೇ ಹೆಚ್ಚಾಗಿ ತಿಂದ ದನಗಳಲ್ಲಿ ಕೂದಲುದುರುವಿಕೆಯೂ ಗಳಗಂಡವೂ ಕಾಣಿಸಿಕೊಂಡು ಬೆಳವಣಿಗೆಯು ಕುಂದಿತು. ಎಲೆಯಲ್ಲಿರುವ ಮಿಮೋಸಿನ್ ಎಂಬ ವಿಷವೇ ಇದಕ್ಕೆ ಸಾಕಾದ ಕಾರಣವೆಂಬುದು ಪೂರ್ವಪಕ್ಷ.

ಈ ಹೇತುವು ವ್ಯಭಿಚಾರದೋಷದಿಂದ ಮುಕ್ತವಲ್ಲ. ಹವಾಯಿಯ ಆಡುಗಳು ಅದೇ ಎಲೆಯನ್ನು ತಿಂದೂ ನಿರಾಮಯವಾಗಿದ್ದುವು. ಬೆಂಕಿಯಿದ್ದ ಮಾತ್ರಕ್ಕೆ ಹೊಗೆಯೇಳದು, ಹಸಿ ಸೌದೆಯೂ ಬೇಕೆಂಬುದು ತಾರ್ಕಿಕರ ಪ್ರಸಿದ್ಧ ದೃಷ್ಟಾಂತವಷ್ಟೆ. ಇಲ್ಲಿಯ ಅಂತಹ ಉಪಾಧಿಯನ್ನು ರೇಮಂಡ್ ಜೋನ್ಸ್ ಎಂಬ ವಿಜ್ಞಾನಿಯು ಎಲೆಯಲ್ಲಿ ಹುಡುಕದೆ ಜಠರದಲ್ಲಿ ಹುಡುಕಿದುದು ಶ್ಲಾಘ್ಯ. ವಿಷವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳ ಅಭಾವವೇ ಆ ಉಪಾಧಿ. ಹವಾಯಿಯಿಂದ ಅವನ್ನು ತಂದು ಆಸ್ಟ್ರೇಲಿಯದ ಆಡುಗಳಿಗೂ ದನಗಳಿಗೂ ಸೇರಿಸಲು ಬಾಧೆಯು ಶಮಿಸಿತೆಂಬುದು 1986ರಲ್ಲಿ ಪ್ರಕಟವಾಯಿತು. ಅವುಗಳಲ್ಲೊಂದಕ್ಕೆ 1992ರಲ್ಲಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಜೋನ್ಸರ ನೆನಪಿಗಾಗಿಯೇ ನಾಮಕರಣವಾಯಿತು.

ಆದುದರಿಂದ ಮೇವಿನ ಗುಣದೋಷಗಳನ್ನು ಎಲೆಯ ರಾಸಾಯನಿಕ ಪರೀಕ್ಷೆಯೊಂದರಿಂದಲೇ ನಿರ್ಣಯಿಸುವುದು ಯುಕ್ತವಲ್ಲ. ತಿನ್ನುವ ಪ್ರಾಣಿಯ ಜಠರವನ್ನೂ ವಿಚಾರಿಸಬೇಕು. ಹಾಗೆಂದು ಈ ಸಿದ್ಧಾಂತವನ್ನು ಮೆಲುಕುಹಾಕದ ಕುದುರೆಗೂ ಅನ್ವಯಿಸಿದರೆ ಅತಿವ್ಯಾಪ್ತಿಯಾಗುವುದು.