ಮೊಹರು ಒತ್ತಿಸಿಕೊಂಡ ಬಿಯರ್

ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ಭಾಗ ಫ್ರಾಂಕೋನಿಯಾ. ಅಲ್ಲಿ ಔಫ್‌ಸೆಸ್ ಎಂಬ ಪುಟ್ಟ ಪಂಚಾಯಿತಿ ಇದೆ. ಅದರ ಹಳ್ಳಿಗಳನ್ನೆಲ್ಲ ಕೂಡಿಸಿ ಎಣಿಸಿದರೂ ಜನಸಂಖ್ಯೆ 1,500 ದಾಟುವುದಿಲ್ಲ. ಬ್ರೂವರಿಗಳು ಮಾತ್ರ ನಾಲ್ಕು: ರೋಥೆನ್‌ಬಾಖ್, ರೈಖೋಲ್ಡ್, ಷ್ಟಾಟರ್, ಕಾಥಿ. ಜನಸಂಖ್ಯೆಗೆ ಹೋಲಿಸಿದರೆ ಇಷ್ಟು ಬ್ರೂವರಿಗಳಿರುವ ಊರು ಬೇರೊಂದಿಲ್ಲ ಎಂದು ಗಿನ್ನೆಸ್ ದಾಖಲೆಯ ಪುಸ್ತಕ ಸೇರಿದ ಮೇಲೆ ಔಫ್‌ಸೆಸ್‌ನವರು ಒಂದು ಉಪಾಯ ಮಾಡಿದರು. ನಾಲ್ಕನ್ನೂ ಜೋಡಿಸುವ ಸುಮಾರು 14 ಕಿ.ಮೀ. ಕಾಲುದಾರಿಗೆ ಗುರುತು ಹಾಕಿ, ನಡೆಯುವವರ ಕೈಗೆ ಒಂದು ಚೀಟಿ ಕೊಟ್ಟರು. ಪ್ರತಿ ಬ್ರೂವರಿಯಲ್ಲೂ ಒಂದು ಮೊಹರು. ನಾಲ್ಕೂ ಬಿದ್ದರೆ ಪ್ರಮಾಣಪತ್ರ.

ಊರೂರು ಅಲೆದು ಸ್ಥಳೀಯ ಬ್ರೂಪಬ್‌ಗಳನ್ನು ನೋಡುವ ಹವ್ಯಾಸ ಈಗ ಪ್ರವಾಸದ ಒಂದು ಪ್ರಕಾರವೇ ಆಗಿಬಿಟ್ಟಿದೆ. ಅದರ ಒಳ್ಳೆಯದು, ಕೆಟ್ಟದ್ದು ಎರಡೂ ಈ ಚೀಟಿಯಲ್ಲಿವೆ. ಚೀಟಿ ಇಲ್ಲದಿದ್ದರೆ ಈ ದಾರಿಯ ಹೋಖ್‌ಸ್ಟಾಲ್‌ನಂಥ ಹಳ್ಳಿಗೆ ಹೊರಗಿನವರು ಕಾಲಿಡುತ್ತಲೇ ಇರಲಿಲ್ಲ. ಚೀಟಿ ಇರುವುದರಿಂದಲೇ, ಕಾಲಿಟ್ಟವರು ಅಲ್ಲಿ ಕೂರದೆ ಮುಂದಿನ ಮೊಹರಿಗೆ ಓಡುತ್ತಾರೆ.

ಈ ಅಲೆದಾಟ ಬರೀ ಶೋಕಿ ಅಲ್ಲ ಎನ್ನಲು ಗಟ್ಟಿ ಕಾರಣವಿದೆ. ಮೇಲಣ ಫ್ರಾಂಕೋನಿಯಾದಲ್ಲಿ ಸುಮಾರು 10 ಲಕ್ಷ ಜನರಿಗೆ ನೂರೈವತ್ತರ ಆಸುಪಾಸು ಬ್ರೂವರಿಗಳಿವೆ. ಹೆಚ್ಚಿನವು ಮನೆತನದ ಕಸುಬು. ಹಿಂದುಗಡೆ ಬಿಯರ್ ಬೇಯುತ್ತದೆ, ಮುಂದುಗಡೆ ಊಟದ ಪಡಸಾಲೆ, ಮಹಡಿಯಲ್ಲಿ ಮನೆ. ತಯಾರಾದದ್ದು ಅಲ್ಲೇ, ಇಲ್ಲವೇ ಸುತ್ತಲಿನ ನಾಲ್ಕಾರು ಹಳ್ಳಿಗಳಲ್ಲಿ ಖರ್ಚಾಗುತ್ತದೆ. ಇಲ್ಲಿನ ಕೆಲ್ಲರ್‌ಬಿಯರ್ ಸೋಸದ ಬಿಯರ್. ಕೆಲವೆಡೆ ಹುದುಗು ಮಾಗುವಾಗ ಪೀಪಾಯಿಯ ಬಿರಡೆ ಬಿಗಿಯದೆ ಬಿಡುತ್ತಾರೆ. ಗ್ಯಾಸ್ ಹೊರಗೆ ಹೋಗುತ್ತದೆ, ಬಿಯರ್ ಮೆತ್ತಗಾಗುತ್ತದೆ. ನಾಲಿಗೆ ಚುರುಗುಟ್ಟದೆ ಮಾಲ್ಟಿನ ರುಚಿ ನೇರವಾಗಿ ಸಿಗುತ್ತದೆ. ಯೀಸ್ಟ್ ಉಳಿದ, ಗ್ಯಾಸ್ ಕಡಿಮೆಯಾದ ಇಂಥ ಬಿಯರನ್ನು ಬಾಟಲಿಗೆ ತುಂಬಿ ಕಂಟೇನರಿನಲ್ಲಿ ಬೆಂಗಳೂರಿಗೋ ಬಾಸ್ಟನ್‌ಗೋ ಕಳಿಸಿದರೆ ಬಂದು ಸೇರುವುದು ಬೇರೆಯೇ ಪಾನೀಯ. ಅದು ನಮ್ಮಲ್ಲಿಗೆ ಬರುವುದಿಲ್ಲವಾದ್ದರಿಂದ ನಾವೇ ಹೋಗಬೇಕು. ಬ್ರೂಪಬ್ ಯಾತ್ರೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಡ.

ಯಾತ್ರೆ ಶುರುವಾಗಬೇಕಾದ್ದು ಬಾಂಬೆರ್ಗ್‌ನಲ್ಲಿ. 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರಿನ ಕ್ಯಾಥೆಡ್ರಲ್ ಗುಡ್ಡದ ಕೆಳಗೆ ಷ್ಲೆಂಕೆರ್ಲಾ ಇದೆ. ಕಪ್ಪಿಟ್ಟ ತೊಲೆಗಳ ತಗ್ಗು ಕೋಣೆ, ಉದ್ದನೆಯ ಮರದ ಮೇಜುಗಳು, ಯಾರ ಪಕ್ಕದಲ್ಲಾದರೂ ಕೂರಬೇಕಾದ ಬೆಂಚುಗಳು. ಮರದ ಪೀಪಾಯಿಯಿಂದ ಪಂಪಿನ ಹಂಗಿಲ್ಲದೆ ಇಳಿಯುವ ಬಿಯರ್ ಹೆಚ್ಚೂಕಡಿಮೆ ಕಪ್ಪು, ಮೇಲೆ ಕಂದು ನೊರೆ. ಮೊದಲ ಗುಟುಕಿಗೆ ಬಾಯಿಗೆ ಬರುವುದು ಹೊಗೆ, ಮಲೆನಾಡಿನ ಅಟ್ಟದ ಮೇಲೆ ಮಳೆಗಾಲವಿಡೀ ಒಲೆಯ ಹೊಗೆ ಕುಡಿದ ಸಾಮಾನಿನ ವಾಸನೆಯಂಥ ಹೊಗೆ. ಎಷ್ಟೋ ಜನ ಅಲ್ಲಿಗೇ ಮುಖ ಸಿಂಡರಿಸಿ ಗ್ಲಾಸ್ ಕೆಳಗಿಡುತ್ತಾರೆ.

ಆ ಹೊಗೆ ಯಾರೋ ಜಾಣ ಮಾರಾಟಗಾರ ಸೇರಿಸಿದ್ದಲ್ಲ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಲು ಬೆಂಕಿಯೇ ಗತಿಯಾಗಿದ್ದ ಕಾಲದಲ್ಲಿ ಮಾಲ್ಟಿಗೆ ಹೊಗೆ ಹತ್ತುವುದು ಮಾಮೂಲಾಗಿತ್ತು. ಬಿಸಿ ಗಾಳಿಯನ್ನಷ್ಟೇ ಹಾಯಿಸಿ ಹೊಗೆಯನ್ನು ಬೇರೆ ಕೊಳವೆಯಲ್ಲಿ ಹೊರಬಿಡುವ ಒಲೆಗಳು ಬಂದ ಮೇಲೆ ಯುರೋಪಿನ ಬಿಯರ್ ಒಂದೊಂದು ಊರಿನಲ್ಲೂ ಹೊಗೆ ಕಳೆದುಕೊಂಡಿತು. ಬಾಂಬೆರ್ಗ್‌ನಲ್ಲಿ ಎರಡು ಮನೆಗಳು ಬೀಚ್ ಮರದ ಸೌದೆ ಬಿಡಲಿಲ್ಲ. ಒಂದು ಷ್ಲೆಂಕೆರ್ಲಾ, ಇನ್ನೊಂದು 1536ರಿಂದ ಇರುವ ಷ್ಪೆಟ್ಸಿಯಾಲ್. ಎರಡೂ ಇಂದಿಗೂ ತಮ್ಮ ಮಾಲ್ಟನ್ನು ತಾವೇ ಒಣಗಿಸಿಕೊಳ್ಳುತ್ತವೆ.

ಷ್ಪೆಟ್ಸಿಯಾಲ್‌ನ ಹೊಗೆ ಹಗುರ. ಗುಟುಕಿನ ಕೊನೆಯಲ್ಲಿ ತೆಳ್ಳಗೆ ಸುಳಿದು ಹೋಗುತ್ತದೆ. ರಸ್ತೆ ದಾಟಿದರೆ ಎದುರಿಗೇ ಫೆಸ್ಲಾ. ಅದೂ ಹಳೆಯದೇ, 17ನೇ ಶತಮಾನದ ಮನೆ, ಆದರೆ ಅಲ್ಲಿ ಹೊಗೆಯ ಸುಳಿವಿಲ್ಲ, ಚೊಕ್ಕ ಲಾಗರ್. ಮಾಲ್ಟ್ ಒಣಗಿಸುವ ಕ್ರಮವೊಂದು ಬಿಯರನ್ನು ಎಷ್ಟು ಬದಲಿಸಬಲ್ಲದು ಎಂದು ತಿಳಿಯಲು ಹತ್ತು ಪುಸ್ತಕ ಓದಬೇಕಿಲ್ಲ, ಈ ರಸ್ತೆ ದಾಟಿದರೆ ಸಾಕು. ಎರಡೂ ಕಡೆ ಮೇಲುಗಡೆ ತಂಗುವ ಕೋಣೆಗಳಿವೆ. ಬ್ರೂಪಬ್ ಯಾತ್ರೆಯಲ್ಲಿ ಇದಕ್ಕಿಂತ ದೊಡ್ಡ ಸೌಕರ್ಯ ಇನ್ನೊಂದಿಲ್ಲ.

ಇಷ್ಟಾದರೂ, ರೋಡ್ ಟ್ರಿಪ್ ಎಂಬ ಕ್ರಮಕ್ಕೂ ಈ ಬಿಯರಿನ ಸ್ವಭಾವಕ್ಕೂ ಒಳಗೊಳಗೇ ಜಗಳವಿದೆ. ರೋಡ್ ಟ್ರಿಪ್ಪಿನವರಿಗೆ ಬೇಕಾದ್ದು ವೈವಿಧ್ಯ: ನಾಲ್ಕು ಪುಟ್ಟ ಗ್ಲಾಸುಗಳ ತಟ್ಟೆ, ಒಂದೊಂದರಿಂದ ಎರಡು ಗುಟುಕು, ಫೋಟೊ, ಆ್ಯಪಿನಲ್ಲಿ ಅಂಕ, ಮುಂದಿನ ಊರು. ಫ್ರಾಂಕೋನಿಯಾದ ಹಳ್ಳಿ ಪಡಸಾಲೆಯಲ್ಲಿ ಆ ತಟ್ಟೆ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಅಳತೆ ಒಂದೇ, ಅರ್ಧ ಲೀಟರ್. ಬಡಿಸುವಾಕೆ ಕಲ್ಲುಮಣ್ಣಿನ ಮಗ್ ತಂದಿಟ್ಟು ಅದರ ಕೆಳಗಿನ ರಟ್ಟಿನ ಅಂಚಿಗೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆಯುತ್ತಾಳೆ. ಇನ್ನೊಂದು ಬಂದರೆ ಇನ್ನೊಂದು ಗೀಟು. ಏಳುವಾಗ ಗೀಟುಗಳನ್ನು ಎಣಿಸಿ ಲೆಕ್ಕ. ಒಂದೇ ಗೀಟಿಗೆ ಎದ್ದು ಹೋಗುವವರನ್ನು ಯಾರೂ ಆಕ್ಷೇಪಿಸುವುದಿಲ್ಲ, ನಿಜ. ಆದರೆ ಆ ಬಿಯರ್ ಒಂದೇ ಗೀಟಿಗಾಗಿ ಮಾಡಿದ್ದಲ್ಲ.

ಎರಡು ಗುಟುಕಿನ ಪರೀಕ್ಷೆಯಲ್ಲಿ ಗೆಲ್ಲುವುದು ಜೋರು ಮಾತಿನ ಬಿಯರ್: ಹಾಪ್ಸಿನ ಕಹಿ ಸುರಿದದ್ದು, ಹಣ್ಣು ಬೆರೆಸಿದ್ದು, ಮದ್ಯಾಂಶ ಏರಿಸಿದ್ದು. ಹಳ್ಳಿಯ ಲ್ಯಾಂಡ್‌ಬಿಯರ್ ಅಲ್ಲಿ ಸೋಲುತ್ತದೆ. ಬ್ರೆಡ್ಡಿನ ಹೊರಪದರದಂಥ ಮಾಲ್ಟ್ ರುಚಿ, ಮಿತವಾದ ಕಹಿ, ಸುಮಾರು ಶೇಕಡಾ 5 ಮದ್ಯಾಂಶ, ಇದರಲ್ಲಿ ಬೆರಗಾಗಲು ಏನಿದೆ ಎನ್ನಿಸುತ್ತದೆ. ಅದು ತನ್ನ ಗುಣ ತೋರಿಸುವುದು ಎರಡನೆಯ ಮಗ್‌ನಲ್ಲಿ, ಊಟದ ಜೊತೆಗೆ, ಮಾತು ಕುದುರಿದ ಮೇಲೆ. ಷ್ಲೆಂಕೆರ್ಲಾದ ಹೊಗೆಯ ಮಾತೂ ಅಷ್ಟೆ. ಮೊದಲು ಹೊಗೆಯಷ್ಟೇ ಗೊತ್ತಾಗುತ್ತದೆ. ನಾಲಿಗೆ ಅದಕ್ಕೆ ಒಗ್ಗಿದ ಮೇಲೆ ಅಡಿಯಲ್ಲಿರುವ ಮಾಲ್ಟಿನ ಸಿಹಿ, ಕೊನೆಗೆ ಉಳಿಯುವ ಒಣ ರುಚಿ ಎರಡೂ ಬಿಡಿಬಿಡಿಯಾಗಿ ಸಿಗುತ್ತವೆ. ಎರಡು ಗುಟುಕಿಗೆ ಅಂಕ ಹಾಕಿ ಎದ್ದವರು ಬಿಯರಿನ ಬಗ್ಗೆ ಅಲ್ಲ, ತಮ್ಮ ಅವಸರದ ಬಗ್ಗೆ ತೀರ್ಪು ಕೊಟ್ಟಿರುತ್ತಾರೆ.

ಹಾಗೆಂದು ಹಳ್ಳಿಯ ಬ್ರೂವರಿಗಳೆಲ್ಲ ದೇವಸ್ಥಾನಗಳಲ್ಲ. ಹಳೆಯದು, ಮನೆತನದ್ದು, ಕೈಯಾರೆ ಮಾಡಿದ್ದು ಎಂಬ ಮೂರು ಮಾತಿಗೆ ವಿಮರ್ಶೆ ಕಣ್ಣು ಮುಚ್ಚಬಾರದು. ಕೆಲವು ಕಡೆ ಬಿಯರಿನಲ್ಲಿ ಬೆಣ್ಣೆಯ ಜಿಡ್ಡು ವಾಸನೆ ಬರುತ್ತದೆ. ಸಾಕಷ್ಟು ದಿನ ಮಾಗಲು ಬಿಡದಿದ್ದರೆ ಬರುವ ದೋಷ ಅದು. ಕೆಲವು ಕಡೆ ಮಾರಾಟ ಕಡಿಮೆಯಾಗಿ ಗಾಳಿ ತಾಗಿದ ಒದ್ದೆ ರಟ್ಟಿನ ರುಚಿ. ಇದಕ್ಕಿಂತ ದೊಡ್ಡ ದೂರು ಏಕತಾನತೆಯದು. 1516ರ ಬವೇರಿಯಾದ ಶುದ್ಧತೆಯ ಶಾಸನ ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದಿತು. ಬಾಂಬೆರ್ಗ್‌ನ ಬಿಷಪ್ ಅಂಥದೇ ಕಟ್ಟಳೆಯನ್ನು 1489ರಲ್ಲೇ ಹೊರಡಿಸಿದ್ದ. ಪದಾರ್ಥಗಳು ಅವೇ ಆದಾಗ ವ್ಯತ್ಯಾಸ ಹುಟ್ಟಬೇಕಾದ್ದು ಮಾಲ್ಟಿನ ಹದ, ನೀರು, ಯೀಸ್ಟ್, ಕಾಲ ಇವುಗಳಿಂದ. ಬಲ್ಲವರ ಕೈಯಲ್ಲಿ ಅದು ಶಿಸ್ತಾಗುತ್ತದೆ. ಉಳಿದವರಿಗೆ ಹೊಸದೇನನ್ನೂ ಯೋಚಿಸದಿರಲು ನೆಪವಾಗುತ್ತದೆ. ಪಕ್ಕಪಕ್ಕದ ಮೂರು ಹಳ್ಳಿಗಳ ಲ್ಯಾಂಡ್‌ಬಿಯರುಗಳನ್ನು ಕಣ್ಣುಕಟ್ಟಿ ಕೊಟ್ಟರೆ ಬೇರೆ ಮಾಡಿ ಹೇಳುವವರು ಕಡಿಮೆ.

ಸಸ್ಯಾಹಾರಿ ಕನ್ನಡಿಗರಿಗೆ ಊಟದ ಪಟ್ಟಿ ಇನ್ನೂ ಏಕತಾನ. ಹಂದಿಯ ಭುಜದ ಹುರಿದ ಮಾಂಸ, ಚಳಿಗಾಲದ ತಿಂಗಳುಗಳಲ್ಲಿ ಕಾರ್ಪ್ ಮೀನು, ಬಾಂಬೆರ್ಗ್‌ನ ವಿಶೇಷವೆಂದು ಹೆಸರಾದ ಈರುಳ್ಳಿಯ ಹೊಟ್ಟೆಯೊಳಗೂ ಮಾಂಸವೇ. ಈರುಳ್ಳಿ, ಪಾಪ್ರಿಕಾ ಹಾಕಿ ಕಲೆಸಿದ ಚೀಸು, ಬ್ರೆಡ್ಡು, ಆಲೂಗಡ್ಡೆಯ ಉಂಡೆ ಇಷ್ಟರಲ್ಲಿ ಸುಧಾರಿಸಿಕೊಳ್ಳಬೇಕು. ಮೇಲಾಗಿ ವಾರದ ರಜೆ. ಸೋಮವಾರ, ಮಂಗಳವಾರ ಬಾಗಿಲು ಮುಚ್ಚಿದ ಮನೆಗಳೇ ಹೆಚ್ಚು.

ಕಾರಿನ ಪ್ರಶ್ನೆಯನ್ನು ಬ್ರೂಪಬ್ ಪ್ರವಾಸದ ಬರಹಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಜರ್ಮನಿಯಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ 1,000ಕ್ಕೆ 0.5 ಭಾಗ. ಹೊಸದಾಗಿ ಲೈಸೆನ್ಸ್ ಪಡೆದವರಿಗೂ 21 ವರ್ಷದೊಳಗಿನವರಿಗೂ ಸೊನ್ನೆ. ನಮ್ಮ ಕಾನೂನು ಇನ್ನೂ ಬಿಗಿ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಅರ್ಧ ಲೀಟರೇ ಅಳತೆಯಾದ ಸೀಮೆಯಲ್ಲಿ ಕಾರಿನಲ್ಲಿ ಬ್ರೂವರಿ ಸುತ್ತುವುದೆಂದರೆ ಒಬ್ಬರು ಒಣಬಾಯಿಯಲ್ಲಿ ಕೂರಬೇಕು, ಇಲ್ಲವೇ ಎಲ್ಲರೂ ಎರಡು ಗುಟುಕಿಗೆ ನಿಲ್ಲಿಸಬೇಕು. ಎರಡೂ ದಂಡವೇ. ಔಫ್‌ಸೆಸ್‌ನ ದಾರಿ ಕಾಲುದಾರಿಯಾಗಿರುವುದು ಈ ಮಟ್ಟಿಗೆ ವಿವೇಕದ ಕೆಲಸ. ಹಳ್ಳಿಯಿಂದ ಹಳ್ಳಿಗೆ ಹೊಲ, ಕಾಡು ದಾಟುವಷ್ಟರಲ್ಲಿ ಹಸಿವೂ ಆಗಿರುತ್ತದೆ, ತಲೆಯೂ ತಿಳಿಯಾಗಿರುತ್ತದೆ. ಕಾರು ಊರಿಂದ ಊರಿಗೆ ಸಾಮಾನು ಸಾಗಿಸಲಿ. ಬ್ರೂವರಿಯಿಂದ ಬ್ರೂವರಿಗೆ ಮನುಷ್ಯರನ್ನು ಸಾಗಿಸುವ ಕೆಲಸ ಅದಕ್ಕೆ ಬೇಡ.

ಅವಸರಕ್ಕೆ ಸೊಪ್ಪು ಹಾಕದ ಎರಡು ಜಾಗಗಳು ಈ ಸೀಮೆಯಲ್ಲಿವೆ. ಒಂದು ಫೋರ್ಖ್‌ಹೈಮ್‌ನ ಗುಡ್ಡದ ಕಾಡು. ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಗೆಯ ಬಿಯರನ್ನು ತಣ್ಣಗಿಡಲು ಗುಡ್ಡ ಕೊರೆದು ನೆಲಮಾಳಿಗೆಗಳನ್ನು ಮಾಡಿದರು. ಅವುಗಳ ಮೇಲಿನ ಮರಗಳ ನೆರಳಿನಲ್ಲಿ ಬೆಂಚು ಹಾಕಿ ಅಲ್ಲೇ ಮಾರತೊಡಗಿದರು. ಇಪ್ಪತ್ತಕ್ಕೂ ಹೆಚ್ಚು ಇಂಥ ಮಾಳಿಗೆಗಳು ಅಲ್ಲಿ ಸಾಲಾಗಿವೆ. ಬವೇರಿಯಾದ ಬಿಯರ್ ತೋಟಗಳಲ್ಲಿ ಮನೆಯಿಂದ ಬುತ್ತಿ ತಂದು ತಿನ್ನುವ ರೂಢಿ ಹಳೆಯದು, ಎಷ್ಟೋ ಮಾಳಿಗೆಗಳಲ್ಲಿ ಇಂದಿಗೂ ನಡೆಯುತ್ತದೆ. ಚಪಾತಿ ಪಲ್ಯ ಬಿಚ್ಚಿದರೂ ಹುಬ್ಬೇರಿಸುವವರಿಲ್ಲ.

ಇನ್ನೊಂದು, ಪೂರ್ವಕ್ಕೆ ಝೆಕ್ ಗಡಿಯ ಕಡೆ ಮೇಲಣ ಪಾಲಟಿನೇಟಿನ ಟ್ಸೊಯ್ಗಲ್ ಊರುಗಳು: ವಿಂಡಿಷೆಷೆನ್‌ಬಾಖ್, ನೊಯ್‌ಹೌಸ್, ಫಾಲ್ಕೆನ್‌ಬೆರ್ಗ್, ಮಿಟರ್‌ಟೈಖ್, ಎಸ್ಲಾರ್ನ್. ಅಲ್ಲಿ ಬಿಯರ್ ಬೇಯಿಸುವ ಮನೆ ಊರೊಟ್ಟಿನದು. ಹಕ್ಕುಳ್ಳ ಕುಟುಂಬದವರು ಸರದಿಯ ಮೇಲೆ ಸೌದೆ ಉರಿಸಿ ಮಾಲ್ಟಿನ ರಸ ಕುದಿಸುತ್ತಾರೆ, ತಮ್ಮ ಮನೆಯ ನೆಲಮಾಳಿಗೆಗೆ ಒಯ್ದು ಹುದುಗು ಹಾಕುತ್ತಾರೆ. ಮಾಗಿದ ಮೇಲೆ ಬಾಗಿಲಿಗೆ ಆರು ಮೂಲೆಯ ನಕ್ಷತ್ರ ತೂಗುಬಿಟ್ಟು ಕೆಲವು ದಿನ ಮನೆಯನ್ನೇ ಪಬ್ ಮಾಡುತ್ತಾರೆ. ಈ ವಾರ ಒಂದು ಮನೆ, ಮುಂದಿನ ವಾರ ಇನ್ನೊಂದು. ಒಂದೇ ಕುದಿ ಬೇರೆ ಬೇರೆ ಮಾಳಿಗೆಯಲ್ಲಿ ಬೇರೆ ಬೇರೆ ಬಿಯರ್ ಆಗುವುದನ್ನು ತಿಳಿಯಲು ಮತ್ತೆ ಮತ್ತೆ ಹೋಗಬೇಕು. ಎಲ್ಲ ಮನೆಗಳನ್ನೂ ಒಂದೇ ಶನಿವಾರ ಮುಗಿಸುತ್ತೇನೆ ಎನ್ನುವವರಿಗೆ ಇಲ್ಲಿ ದಾರಿಯೇ ಇಲ್ಲ. ಪಟ್ಟಿಗೆ ಸಿಗದ ಈ ಗುಣಕ್ಕಾಗಿಯೇ ಟ್ಸೊಯ್ಗಲ್ ಇಡೀ ಯಾತ್ರೆಯ ಅತ್ಯುತ್ತಮ ಭಾಗ.

ಬೆಂಗಳೂರಿನವರಿಗೆ ಇದೆಲ್ಲ ದೂರದ ಮಾತೇನಲ್ಲ. 1879ರಲ್ಲಿ ಬಾಂಬೆರ್ಗ್‌ನಲ್ಲಿ ಶುರುವಾದ ವೈಯರ್‌ಮಾನ್ ಕಂಪನಿಯ ಮಾಲ್ಟ್ ಜಗತ್ತಿನ ನಾನಾ ಮೂಲೆಗಳ ಸಣ್ಣ ಬ್ರೂವರಿಗಳಿಗೆ ಹೋಗುತ್ತದೆ, ಭಾರತದ ಮೈಕ್ರೊಬ್ರೂವರಿಗಳಿಗೂ ಬರುತ್ತದೆ. ಇಂದಿರಾನಗರದಲ್ಲೋ ವೈಟ್‌ಫೀಲ್ಡಿನಲ್ಲೋ ಕುಡಿಯುವ ಗೋಧಿ ಬಿಯರಿನಲ್ಲಿ ಫ್ರಾಂಕೋನಿಯಾದ ಪಾಲಿರುವುದು ಅಪರೂಪವಲ್ಲ. ಕೈಚಳಕದಲ್ಲಿ ನಮ್ಮ ಬ್ರೂವರುಗಳು ಕಡಿಮೆಯವರಲ್ಲ. ಹಳ್ಳಿ ಬಿಯರಿನ ಬೆಣ್ಣೆ ವಾಸನೆಯನ್ನು ಇಲ್ಲಿನ ಒಳ್ಳೆಯ ಮೈಕ್ರೊಬ್ರೂವರಿ ಸಹಿಸಲಿಕ್ಕಿಲ್ಲ. ರಾಗಿ, ಮಾವು, ಕಾಫಿ ಹಾಕಿ ನೋಡುವ ಧೈರ್ಯವೂ ಇದೆ. 1516ರ ಶಾಸನದ ಹೊರೆ ನಮಗಿಲ್ಲ. ಇಲ್ಲದಿರುವುದು ನೆರೆಹೊರೆ. ನೂರಾರು ಕುರ್ಚಿಗಳ ಅಂಗಳ, ಎದುರಿನವರ ಮಾತು ಕೇಳದಷ್ಟು ಸಂಗೀತ, ವಾರಾಂತ್ಯದ ನೂಕುನುಗ್ಗಲು, ಇವುಗಳ ನಡುವೆ ಬ್ರೂವರಿ ಒಂದು ಊರಿನದಾಗುವುದು ಕಷ್ಟ. ಫ್ರಾಂಕೋನಿಯಾದ ಪಡಸಾಲೆಯಲ್ಲಿ ಖಾಯಂ ಗಿರಾಕಿಗಳಿಗೆಂದೇ ಒಂದು ಮೇಜು ಮೀಸಲು, ಪ್ರವಾಸಿಗರು ಅಲ್ಲಿ ಕೂರುವಂತಿಲ್ಲ. ಆ ಮನೆ ಯಾರಿಗಾಗಿ ನಡೆಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಂಗಳೂರಿನಲ್ಲಿ ಅಂಥ ಮೇಜು ಹುಟ್ಟುವಷ್ಟು ನಿಧಾನಕ್ಕೆ ಜಾಗದ ಬಾಡಿಗೆ ಅವಕಾಶ ಕೊಡುವುದಿಲ್ಲ.

ಪ್ರವಾಸಿಗರಿಂದ ಹಳ್ಳಿ ಬ್ರೂವರಿ ಕೆಡುತ್ತದೆ ಎಂಬ ಗೊಣಗಾಟವೂ ಉಂಟು. ಔಫ್‌ಸೆಸ್‌ನ ಕಾಥಿ ಬ್ರೂವರಿಯ ಅಂಗಳ ಮೋಟರ್‌ಸೈಕಲ್ ಸವಾರರ ಜಾತ್ರೆಯಾಗಿ ಎಷ್ಟೋ ಕಾಲವಾಯಿತು. ಆದರೆ ಜರ್ಮನಿಯಲ್ಲಿ ಬಿಯರ್ ಕುಡಿಯುವುದೇ ಇಳಿಮುಖವಾಗಿದೆ. ಮುಂದಿನ ತಲೆಮಾರು ಕಸುಬು ವಹಿಸಿಕೊಳ್ಳದೆ ಒಲೆ ಆರಿಸುವ ಮನೆಗಳು ಇವೆ. ಹೊರಗಿನವರ ಹಣ ಅಲ್ಲಿ ಬೇಕು. ಹಾಗಾಗಿ ಮೊಹರಿನ ಚೀಟಿಯನ್ನು ಹೀಗಳೆಯಲಾರೆ. ಅದು ಊರಿಗೆ ಜನರನ್ನು ತರುತ್ತದೆ, ಅಷ್ಟು ಅದರ ಕೆಲಸ. ಬಿಯರಿನ ಬೆಲೆ ಕಟ್ಟುವ ಕೆಲಸ ಅದರಿಂದಾಗದು. ನಾಲ್ಕು ಮೊಹರು ಒತ್ತಿಸಿಕೊಂಡವರು ನಾಲ್ಕು ಬ್ರೂವರಿ ನೋಡಿದ್ದಾರೆ ಎಂದಷ್ಟೇ ಅರ್ಥ. ಅವುಗಳಲ್ಲಿ ಒಂದರ ಬಿಯರ್ ಹೇಗಿದೆ ಎಂದು ಹೇಳುವ ಅಧಿಕಾರ, ಮೇಲಿನ ಕೋಣೆಯಲ್ಲಿ ಗಂಟು ಇಳಿಸಿ ಮಾರನೆಯ ದಿನವೂ ಅದೇ ಬೆಂಚಿಗೆ ಬಂದು ಕೂತವರಿಗೆ ಮಾತ್ರ.