ಸಿಮ್ಸ್ ವೈದ್ಯನ ಆತ್ಮಚರಿತ್ರೆ: ಒಂದು ವಿಮರ್ಶೆ

ಅಮೆರಿಕಾ ದೇಶದ ಶಸ್ತ್ರವೈದ್ಯ ಜೇಮ್ಸ್ ಮೇರಿಯನ್ ಸಿಮ್ಸನು (1813–1883) ಬರೆದ ‘ದಿ ಸ್ಟೋರಿ ಆಫ್ ಮೈ ಲೈಫ್’ ಎಂಬ ಆತ್ಮಚರಿತ್ರೆಯು, ಅವನು ಕಾಲವಾದ ಮರುವರ್ಷ 1884ರಲ್ಲಿ, ಅವನ ಮಗನ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಸ್ತ್ರೀರೋಗಗಳ ಪ್ರಸ್ತಾಪವು ಸಾಹಿತ್ಯಪತ್ರಿಕೆಗೆ ಉಚಿತವೇ ಎಂದು ಕೆಲವು ವಾಚಕರು ಸಂಕೋಚಪಡಬಹುದು. ಈ ಸಂಕೋಚದಿಂದಲೇ ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ ಹೆಂಗಸರು ತಮ್ಮ ಬಾಧೆಯನ್ನು ಬಾಯಿಬಿಟ್ಟು ಹೇಳದೆ ಸವೆದುಹೋದರೆಂಬುದನ್ನು ಅರವತ್ತು ದಾಟಿದ ನಾನು ಬಲ್ಲೆನು. ಆದುದರಿಂದ ಕಾವ್ಯವನ್ನು ಓದುವ ಕಣ್ಣಿನಿಂದಲೇ ಈ ಗ್ರಂಥವನ್ನೂ ಓದಿ, ನನಗೆ ತೋರಿದುದನ್ನು ಅರಿಕೆಮಾಡುತ್ತೇನೆ.

ಪ್ರಸವವು ದಿನಗಟ್ಟಲೆ ತಡೆದು ನಿಂತಾಗ, ಶಿಶುವಿನ ತಲೆಯ ಒತ್ತಡದಿಂದ ಮೂತ್ರಾಶಯಕ್ಕೂ ಯೋನಿಮಾರ್ಗಕ್ಕೂ ನಡುವಣ ಮಾಂಸವು ರಕ್ತಸಂಚಾರವಿಲ್ಲದೆ ಸತ್ತು ರಂಧ್ರವಾಗುತ್ತದೆ. ಮೂತ್ರವು ಹಗಲಿರುಳೂ ಸೋರುತ್ತದೆ. ಫಿಸ್ಟುಲಾ ಎಂಬ ಈ ವ್ಯಾಧಿಯನ್ನು ಗುಣಪಡಿಸಲು ಸಿಮ್ಸನು ಅಲಬಾಮಾ ಸಂಸ್ಥಾನದ ಮಾಂಟ್ಗೊಮರಿ ಪಟ್ಟಣದಲ್ಲಿ, 1845ರಿಂದ 1849ರ ವರೆಗೆ, ಕಪ್ಪು ವರ್ಣದ ದಾಸಿಯರ ಮೇಲೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ನಡೆಸಿದನು. ಅವರಲ್ಲಿ ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರುಗಳು ಮಾತ್ರ ಗ್ರಂಥದಲ್ಲಿ ಉಳಿದಿವೆ. ಬೆಳ್ಳಿಯ ತಂತಿಯಿಂದ ಹೊಲಿದು ಅವನು ಜಯ ಪಡೆದುದು ಅನಾರ್ಕಾಳ 30ನೆಯ ಶಸ್ತ್ರಕ್ರಿಯೆಯಲ್ಲಿ. ಈಥರಿನಿಂದ ಮೂರ್ಛೆಗೊಳಿಸುವ ಕ್ರಮವು 1846ರ ಅಕ್ಟೋಬರಿನಲ್ಲಿಯೇ ಬಾಸ್ಟನ್ ನಗರದಲ್ಲಿ ಬಹಿರಂಗವಾಗಿ ಪ್ರದರ್ಶಿತವಾಗಿದ್ದರೂ ಈ ಹೆಂಗಸರಿಗೆ ಅದು ದೊರೆಯಲಿಲ್ಲ.

ಮೊದಲು ಗುಣಗಳನ್ನು ಹೇಳುವುದು ಧರ್ಮ. ಸಿಮ್ಸನ ಶೈಲಿಯು ಸರಳವಾದುದು, ಆಡಂಬರವಿಲ್ಲದುದು. ಅವನು ತನ್ನ ಸೋಲುಗಳನ್ನು ಮುಚ್ಚುವುದಿಲ್ಲ. ಮೂತ್ರವು ಹರಿದುಹೋಗಲೆಂದು ತಾನಿಟ್ಟ ಸ್ಪಂಜಿನಿಂದ ಲೂಸಿಯು ಮರಣದ ಅಂಚಿಗೆ ಹೋದುದನ್ನೂ, ನೆರವಿಗೆ ಬರುತ್ತಿದ್ದ ವೈದ್ಯರು ಬೇಸತ್ತು ಬಿಟ್ಟುಹೋದಮೇಲೆ ಆ ರೋಗಿಗಳೇ ಪರಸ್ಪರ ಸಹಾಯಕರಾದುದನ್ನೂ ಅವನೇ ಬರೆದಿದ್ದಾನೆ. ಇಂದು ಅವನನ್ನು ಆಕ್ಷೇಪಿಸುವವರಿಗೂ ಸಾಕ್ಷ್ಯವನ್ನೊದಗಿಸಿರುವುದು ಅವನ ಲೇಖನಿಯೇ.

ದೋಷವಿರುವುದು ಸತ್ಯದಲ್ಲಿ ಅಲ್ಲ, ಔಚಿತ್ಯದಲ್ಲಿ. ಗ್ರಂಥದ ಅಂಗಿರಸವು ವೀರ. ನಾಯಕನು ಸ್ವತಃ ಗ್ರಂಥಕರ್ತ. ಅವನ ಖರ್ಚು, ಬಂಧುಗಳ ನಿರುತ್ಸಾಹ, ಮರಳಿ ಮರಳಿ ಬಂದ ನಿರಾಶೆ, ಇವುಗಳಿಗಾಗಿ ನಾವು ಮರುಗಬೇಕೆಂಬುದು ಅವನ ಅಪೇಕ್ಷೆ. ಶರೀರವನ್ನು ಒಡ್ಡಿಕೊಂಡವರಾದರೋ ನಾಯಕನ ಧೈರ್ಯವನ್ನು ಬೆಳಗಿಸುವ ಉದ್ದೀಪನಗಳಾಗಿ ನಿಂತಿದ್ದಾರೆ. ಕರುಣರಸವು ಆಶ್ರಯ ತಪ್ಪಿ ಹರಿದಿದೆ. ಒಡಂಬಡಿಕೆ ನಡೆದುದು ಅವನಿಗೂ ದಾಸಿಯರ ಒಡೆಯರಿಗೂ: ಪೋಷಣೆಯ ವೆಚ್ಚ ಇವನದು, ತೆರಿಗೆ ಮತ್ತು ಬಟ್ಟೆ ಅವರದು. ಹೆಂಗಸರೇ ಚಿಕಿತ್ಸೆಗಾಗಿ ಬೇಡಿಕೊಂಡರೆಂದು ಸಿಮ್ಸನು ಹೇಳುತ್ತಾನೆ. ಅಂತಹ ಯಾತನೆಯಲ್ಲಿದ್ದವರು ಬೇಡಿದ್ದರೂ ಆಶ್ಚರ್ಯವಿಲ್ಲ. ಆದರೆ ಒಲ್ಲೆನೆನ್ನುವ ಅಧಿಕಾರವಿಲ್ಲದವಳ ಒಪ್ಪಿಗೆಯನ್ನು ಅಳೆಯುವುದೆಂತು? ಅದನ್ನೂ ನಾವು ಕೇಳುತ್ತಿರುವುದು ಅವನ ಬಾಯಿಂದಲೇ.

ಪರರ ಮನೆಯ ದೋಷವನ್ನೆಣಿಸಿ ಸುಮ್ಮನಾಗುವುದು ನ್ಯಾಯವಲ್ಲ. ನಾನು ಪಾಠಶಾಲೆಯಲ್ಲಿ ಗೌರವಿಸಲು ಕಲಿತ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು, ಮೂಢಗರ್ಭದ ಕಠಿನ ಶಸ್ತ್ರಕರ್ಮಕ್ಕೆ ಮುಂಚೆ ಅಪ್ಪಣೆ ಪಡೆಯಬೇಕೆಂದು ವಿಧಿಸುತ್ತದೆ. ಇದು ದೊಡ್ಡ ವಿವೇಕವೇ ಸರಿ. ಆದರೆ ಯಾರ ಅಪ್ಪಣೆ? ಅಧಿಪತಿಯದು. ಆ ಪದಕ್ಕೆ ಪತಿಯೆಂದು ಅರ್ಥಮಾಡಿದರೂ ಅರಸನೆಂದು ಅರ್ಥಮಾಡಿದರೂ, ನೋಯುತ್ತಿರುವವಳು ಆ ಪದದೊಳಗೆ ಬರಲಾರಳು. ಎಷ್ಟೋ ಸಲ ಈ ಸ್ಥಳವನ್ನು ಓದಿಯೂ ನನಗಿದು ಕಾಣಲಿಲ್ಲ; ಸಿಮ್ಸನ ಗ್ರಂಥವನ್ನು ಓದಿದಮೇಲೆ ಕಂಡಿತು.

ಸಿಮ್ಸನನ್ನು ಕೇವಲ ಕ್ರೂರನೆಂದು ತಳ್ಳಿಹಾಕುವುದೂ ಸುಲಭದ ವಿಮರ್ಶೆಯೇ. ಮುಂದೆ ನ್ಯೂಯಾರ್ಕಿನ ಸ್ತ್ರೀಯರ ಆಸ್ಪತ್ರೆಯಲ್ಲಿ, ಅರ್ಬುದರೋಗಿಗಳನ್ನು ಸೇರಿಸಬಾರದೆಂಬ ನಿಯಮವನ್ನೂ, ಶಸ್ತ್ರಕ್ರಿಯೆಯ ಪ್ರೇಕ್ಷಕರು 15 ಮಂದಿಯನ್ನು ಮೀರಬಾರದೆಂಬ ನಿಯಮವನ್ನೂ ವಿರೋಧಿಸಿ 1874ರಲ್ಲಿ ಅವನು ಹೊರಬಂದನು. ರೋಗಿಯ ಮೇಲಿನ ಕನಿಕರ, ರೋಗಿಯ ಲಜ್ಜೆಯ ಬಗೆಗೆ ಉಪೇಕ್ಷೆ, ಎರಡೂ ಒಂದೇ ಎದೆಯಲ್ಲಿದ್ದುವು. ಆ ನಗರದ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. 2021ರಲ್ಲಿ ಮಾಂಟ್ಗೊಮರಿಯಲ್ಲಿ ಆ ಮೂವರು ಸ್ತ್ರೀಯರ ಪ್ರತಿಮೆಗಳು ಎದ್ದುವು. ಪ್ರತಿಮೆಯನ್ನು ಕೀಳಬಹುದು, ನೆಡಬಹುದು. ಬರೆಯದೆ ಉಳಿದ ಪುಟವನ್ನು ಈಗ ಬರೆಸಲಾಗದು.

ಆದರೂ ಮುಂದಿನ ಪುಟಗಳು ಖಾಲಿಯಾಗಿ ಉಳಿಯಬೇಕಾಗಿಲ್ಲ. 1947ರ ನ್ಯೂರೆಂಬರ್ಗ್ ಸಂಹಿತೆಯು ಮನುಷ್ಯರ ಮೇಲೆ ನಡೆಸುವ ಪ್ರಯೋಗಕ್ಕೆ ಆ ವ್ಯಕ್ತಿಯ ಸ್ವಂತ ಸಮ್ಮತಿಯನ್ನೇ ಮೊದಲ ನಿಯಮವನ್ನಾಗಿ ಇಟ್ಟಿತು. ಇಂದು ಗರ್ಭಾಶಯದ ಅರ್ಬುದಗಳಲ್ಲಿಯೂ, ಶ್ರೋಣಿತಲದ ಸ್ನಾಯುಗಳು ಸಡಿಲಿ ಗರ್ಭಕೋಶ ಜಾರುವ ವ್ಯಾಧಿಯಲ್ಲಿಯೂ ಚಿಕಿತ್ಸೆಯನ್ನು ಪರೀಕ್ಷಿಸುವ ವೈದ್ಯರು, ನೋವು, ಸೋರಿಕೆ, ನಿತ್ಯದ ಬಾಳಿಗೆ ಬಂದ ತೊಡಕು ಇವುಗಳನ್ನು ಕುರಿತು ರೋಗಿಗೆ ಪ್ರಶ್ನಾವಳಿಯನ್ನು ಕೊಟ್ಟು, ಆಕೆಯ ಉತ್ತರವನ್ನೂ ಫಲದ ಪ್ರಮಾಣವಾಗಿ ಎಣಿಸುತ್ತಾರೆ. ಹೊಲಿಗೆ ನಿಂತಿತೆಂದು ವೈದ್ಯನು ಹೇಳಿದರೆ ಸಾಲದು. ಬಾಧೆ ನೀಗಿತೆಂದು ಆಕೆ ಹೇಳಬೇಕು.

ಆದುದರಿಂದ ಸಿಮ್ಸನ ಗ್ರಂಥವನ್ನು ಓದಬೇಡಿರೆಂದು ನಾನು ಹೇಳುವುದಿಲ್ಲ. ಓದಿರಿ, ಮನೆಯ ಹೆಂಗಸರೂ ಓದಲಿ. ಆದರೆ ಪ್ರತಿಯೊಂದು ಅಧ್ಯಾಯದ ಕೊನೆಯಲ್ಲಿಯೂ ಒಂದು ಕ್ಷಣ ನಿಂತು, ಇದನ್ನು ಅನಾರ್ಕಾ ಬರೆದಿದ್ದರೆ ಹೇಗೆ ಬರೆಯುತ್ತಿದ್ದಳೆಂದು ಕೇಳಿಕೊಳ್ಳಿರಿ.